ಸದ್ದು ಕೇಳದವರ ಗಾಳ

ಟೆಕ್ಸಸ್ ಕರಾವಳಿಯ ಗಾಳದ ಅಂಗಡಿಯಲ್ಲಿ, ಸಾಲಿನಲ್ಲಿ ಕಾಯುತ್ತಿದ್ದ ವರ್ಲೀನಳ ಮುಂದೆ ವಯಸ್ಸಾದ ಅಕ್ಕ-ತಮ್ಮ ನಿಂತಿದ್ದರು.

“ಅಕ್ಕಾ, ಇವತ್ತೂ ನಂಗೆ ಟ್ರೌಟ್ ಮೀನು ಸಿಗದಿದ್ರೆ ದೋಣಿ ಮುಂದ್ಗಡೆ ಜಾಗ ನಿಂದೇ.”

“ಮಾತು ತಪ್ಪಬೇಡ, ರಾಯ್ಸ್. ಗಾಳದ ಸುಳ್ಳುಮೀನನ್ನ ನೀರ ಮೇಲೆ ಎಡಕ್ಕೂ ಬಲಕ್ಕೂ ಚೆನ್ನಾಗೇ ಕುಣಿಸ್ತೀಯ. ಆದ್ರೆ ಟ್ರೌಟ್ ಅದನ್ನ ಹಿಡಿಯೋಕೆ ‘ಧಡ್’ ಅಂತ ಮೇಲೆದ್ದ ಕೂಡ್ಲೇ ಎಳ್ದುಬಿಡ್ತೀಯ. ದಾರಕ್ಕೆ ಭಾರ ಬರೋವರ್ಗೂ ಕಾಯ್ಬೇಕು ಕಣೋ.”

“ಆ ಸದ್ದಿಗೆ ಕೈ ತಾನಾಗೇ ಎಗರುತ್ತೆ. ನೀನು ಹೆಂಗೆ ತಡ್ಕೋತೀಯ?”

“ನಂಗೆ ಸದ್ದೇ ಕೇಳ್ಸಲ್ಲ. ದೋಣೀಲಿ ಕಿವಿ ಮಿಷನ್ ತೆಗೆದಿಡ್ತೀನಿ.”

“ಮೀನಿಗೋಸ್ಕರನಾ?”

“ಅಲ್ಲ, ನಿನ್ನ ಬಾಯಿಗೋಸ್ಕರ.”

ಸರದಿ ಬಂದಾಗ ರಾಯ್ಸ್ ಅಂಗಡಿಯವನಿಂದ ಹತ್ತಿ ಕೇಳಿ ಪಡೆದ. ಎರಡೂ ಕಿವಿಗೆ ತುರುಕಿಕೊಂಡು, ಗೆದ್ದವನಂತೆ ಹೊರಟ.

“ಲೋ, ದೋಣಿ ಕೀಲಿಕೈ ಇಲ್ಲೇ ಮರ್ತ್ಬಿಟ್ಯಲ್ಲೋ!” ಅಕ್ಕ ಕೂಗಿದಳು.

ಅವನು ತಿರುಗಲಿಲ್ಲ. ಅಕ್ಕ ವರ್ಲೀನಳಿಗೆ ಕಣ್ಣು ಹೊಡೆದು, ಕೀಲಿಕೈಯನ್ನು ಜೇಬಿಗಿಳಿಸಿ, ನಿಧಾನವಾಗಿ ಅವನ ಹಿಂದೆ ನಡೆದಳು.