ನಾರಾದಲ್ಲಿ ದಾರಿ ಕೇಳಿದ ಅಶ್ಮಿತಾ

ಬಹರೈನ್‌ನ ಮುಹರ್ರಕ್‌ನಿಂದ ಅದ್ಲಿಯಾ ಕಡೆಗೆ ಹೊರಟ ಬೆಳಗಿನ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಹೆಂಗಸು ಜಪಾನಿನ ನಾರಾದಲ್ಲಿ ಓದುತ್ತಿರುವ ಮಗಳೊಂದಿಗೆ ವಿಡಿಯೋ ಕಾಲ್‌ನಲ್ಲಿದ್ದರು.

“ಅಮ್ಮಾ, ದೊಡ್ಡ ಬುದ್ಧನ ದೇವಸ್ಥಾನ ನೋಡ್ಲಿಕ್ಕೆ ಬಂದೆ! ರಸ್ತೆಯಲ್ಲೆಲ್ಲಾ ಜಿಂಕೆ!”

“ದಾರಿ ಹೇಗೆ ಗೊತ್ತಾಯ್ತು ಅಶ್ಮಿತಾ?”

“ಒಬ್ರು ಅಜ್ಜಿ ಹತ್ರ ಜಪಾನಿ ಭಾಷೆಯಲ್ಲೇ ಕೇಳಿದೆ. ಅವ್ರಿಗೆ ಅರ್ಥ ಆಯ್ತು ಅಮ್ಮಾ! ಫಸ್ಟ್ ಟೈಮ್!”

“ಭಾಷೆ ಬರುದಿಲ್ಲ, ವಾಪಸ್ ಬರ್ತೇನೆ ಅಂತ ಮೊನ್ನೆ ಅಳ್ತಿದ್ದವಳು ನೀನೇ ಅಲ್ವಾ? ಅವ್ರು ಎಂತ ಹೇಳಿದ್ರು?”

“ಅದು ನಂಗೆ ಅರ್ಥ ಆಗ್ಲಿಲ್ಲ! ಅದಕ್ಕೆ ಕೈ ಹಿಡ್ಕೊಂಡು ಕರ್ಕೊಂಡೇ ಬಂದ್ರು. ಇಲ್ಲೇ ಇದ್ದಾರೆ.”

“ಅಯ್ಯೋ, ಅವ್ರನ್ನು ತೋರಿಸು ಮಾರಾಯ್ತಿ!”

ಪರದೆಯಲ್ಲಿ ಬಿಳಿಗೂದಲಿನ ಅಜ್ಜಿ ನಗುತ್ತಾ ತಲೆಬಾಗಿದರು. ತಾಯಿ ಓಡುವ ಬಸ್ಸಿನಲ್ಲೇ ಎದ್ದು ನಿಂತು ತಾವೂ ತಲೆಬಾಗಿದರು. ಅಷ್ಟರಲ್ಲಿ ಅವರ ಸ್ಟಾಪ್ ಬಂತು.

“ಅಜ್ಜೀ, ನಿಮ್ದು ಊಟ ಆಯ್ತಾ?” ಎಂದು ಕನ್ನಡದಲ್ಲೇ ಕೇಳುತ್ತಾ ಇಳಿದುಹೋದರು.