ಲಕ್ಕಿ ಸೊಪ್ಪು ಬಿಚ್ಚಿದ್ದು

೨೦೦೯ರ ಒಂದು ಮಧ್ಯಾಹ್ನ ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ತಲಕಾಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮೈಸೂರಿನ ಆಸ್ಪತ್ರೆಗೆ ಹೋಗಿ ಬಂದ ಹೆಂಗಸು, ಜೊತೆಗೆ ನರ್ಸಿಂಗ್ ಓದುವ ತಂಗಿಯ ಮಗಳು.

“ಬೇರೆ ಏನಾದ್ರೂ ಕಾಯ್ಲೆ ಐತಾ ಅಂತ ಡಾಕ್ಟ್ರು ಕೇಳುದ್ರೆ ಇಲ್ಲ ಅಂದ್ಯಲ್ಲ ದೊಡ್ಡವ್ವ. ಮಂಡಿ ಬಾವು?”

“ಗಡ್ಡೆ ಇರೋದು ಎದೇಲಿ ಕಣವ್ವ. ಮಂಡಿ ಇಚಾರ ಅವ್ರಿಗ್ಯಾಕೆ?”

“ಬಾವು ಇಳೀಲಿ ಅಂತ ಮಂಡಿಗೆ ಲಕ್ಕಿ ಸೊಪ್ಪು ಕಟ್ಕಂಡಿದ್ಯಲ್ಲ, ಎಲ್ಲೋಯ್ತು?”

“ನಾಟಿ ಔಸ್ದಿ ಕಂಡ್ರೆ ಬೈತಾರೆ ಅಂತ ಆಸ್ಪತ್ರೆ ನಲ್ಲಿತಾವ ಬಿಚ್ಚಾಕ್ಬುಟ್ಟೆ.”

“ಎಷ್ಟು ವರ್ಷದ ಬಾವು ಅದು?”

“ನೀನು ಉಟ್ಟೋಕ್ ಮುಂಚಿಂದು. ಅದ್ಕೂ ಕ್ಯಾನ್ಸರ್‌ಗೂ ಏನ್ ಸಮ್ಮಂದ?”

“ಅಂಥ ಬಾವು ಇರೋರಿಗೆ ಕ್ಯಾನ್ಸರ್ರು ಬೇರೆ ಕಡೆಗೂ ಬೇಗ ಹರಡ್ಬೋದು ಅಂತ ಈಗೀಗ ಅನುಮಾನ ಪಡ್ತಾವ್ರೆ. ನಮ್ ಮೇಡಮ್ಮು ಪಾಠದಲ್ಲಿ ಹೇಳುದ್ರು. ಇನ್ನೂ ಖಾತ್ರಿ ಇಲ್ಲ.”

“ಮಂಡಿಗೂ ಬತ್ತದಾ?”

“ಹಂಗಲ್ಲ. ಬಾವಿಂದ ರಕ್ತಕ್ಕೆ ಏನೇನೋ ಸೇರ್ತದೆ. ಗಡ್ಡೆಯಿಂದ ಕಳಚ್ಕಂಡಿದ್ದು ಶ್ವಾಸಕೋಶದಲ್ಲೋ ಮೂಳೇಲೋ ಬೇರೂರೋಕೆ ಅದು ಜಾಗ ಮಾಡ್ಕೊಡ್ಬೋದಂತೆ.”

“ಬಿತ್ನೆಗೆ ಒಲ ಉತ್ತು ಮಡಗ್ದಂಗಾ?”

“ಹೂಂ, ಹಂಗೇ ಅನ್ಕೋ.”

ಆಕೆ ಸೀರೆಯ ಮೇಲಿಂದಲೇ ಮಂಡಿಯನ್ನು ಮುಟ್ಟಿ ನೋಡಿಕೊಂಡರು.

“ಉತ್ತಿರೋದು ಎಲ್ಲಿ ಅಂತ ನೋಡೋಕಾಯ್ತದಾ?”

“ನೀನು ಹೇಳುದ್ರೆ ತಾನೆ ಅವ್ರು ಹುಡುಕೋದು.”

ಸೋಸಲೆಯ ಬಸ್ಸು ಬಂತು. ಹುಡುಗಿಯ ಭುಜ ಹಿಡಿದು ಆಕೆ ನಿಧಾನವಾಗಿ ಎದ್ದರು.

“ಬುಧವಾರ ತಿರ್ಗಾ ಬಾ ಅಂದವ್ರಲ್ಲ, ಸೊಪ್ಪು ಕಟ್ಕಂಡೇ ಒಳಕ್ಕೋಯ್ತೀನಿ. ಬೈದ್ರೆ ಬೈಲಿ, ಬಿಚ್ಚಿ ನೋಡೋದು ಅವ್ರೇ ನೋಡ್ಲಿ.”