ಈ ಮೆಷೀನೂ ಸರಿಯಿಲ್ಲ

ಅದನ್ನ ಕೆಳಗಿಡು ಅಂದೆ! ಇಡಮ್ಮ... ಅದನ್ನೇನು ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡ್ತೀಯಾ? ಒರೆಸೋ ಬಟ್ಟೆಗೆ ಆಗುತ್ತೆ ಅಂತ ತುಂಡುಬಟ್ಟೆ ಚೀಲದ ತಳಕ್ಕೆ ಹಾಕಿದ್ದೆ. ನಿನಗ್ಯಾರು ಆ ಚೀಲ ಕೆದಕು ಅಂದ್ರು? ಲಾಡಿಗೆ ತುಂಡು ಬೇಕಿತ್ತಾ? ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ? ಹೂಂ, ಪಾಪುಗೆ ಅಂತಲೇ ಹೊಲಿದಿದ್ದು. ನಿನ್ನ ಹೊಟ್ಟೇಲಿರೋ ಪಾಪುಗೇ, ಇನ್ಯಾರಿಗೆ? ಮೊದಲನೇ ಅಂಗಿ ಅಜ್ಜಿ ಕೈಯದೇ ಆಗಲಿ ಅಂತ. ಹಾಳಾಯ್ತು, ಎಸೆದೆ. ಮುಗೀತಲ್ಲ!

ನಗಬೇಡ... ಭುಜ ಅಲ್ಲಾಡ್ತಿರೋದು ನಂಗೆ ಗೊತ್ತಾಗಲ್ವಾ? ಸರಿ, ನಗು. ನಗೋ ಹಾಗೇ ಇದೆ. ಒಂದು ತೋಳು ಒಳಮಗ್ಗುಲು ಹೊರಗೆ. ಇನ್ನೊಂದು ತೋಳು ಕಂಕುಳಲ್ಲೇ ಹೊಲಿಗೆ ಬಿದ್ದು ಮುಚ್ಚಿಹೋಗಿದೆ, ಕೈ ತೂರಿಸೋಕೆ ದಾರಿನೇ ಇಲ್ಲ. ಅದನ್ನ ಹಾಕ್ಕೊಳ್ಳೋಕೆ ಒಂದೇ ಕೈ ಇರೋ ಮಗು... ಥೂ, ಥೂ! ಬಿಡ್ತು ಅನ್ನು. ಅನ್ನೇ, ಬಿಡ್ತು ಅನ್ನು! ಈ ನಾಲಿಗೆಗೂ ವಯಸ್ಸಾಯ್ತು.

ಎಲ್ಲಾ ಈ ಮೆಷೀನಿಂದಲೇ. ಹೌದು, ಮೆಷೀನಿಂದಲೇ! ಯಾಕೆ ತಲೆ ಆ ಕಡೆ ತಿರುಗಿಸ್ಕೊಂಡೆ? ಮೆಷೀನು ಎಲ್ಲಾದ್ರೂ ತೋಳು ಉಲ್ಟಾ ಇಡುತ್ತಾ ಅಂತಾನಾ? ಇಡಲ್ಲ, ಒಪ್ಪಿದೆ. ಆದ್ರೆ ಹೊಲಿಗೆ ಬಿಟ್ಟುಬಿಟ್ಟು ಬೀಳ್ತಾ ಇದ್ರೆ, ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು, ಮನುಷ್ಯಳಿಗೆ ತಲೆ ಕೆಡುತ್ತೋ ಇಲ್ವೋ? ತಲೆ ಕೆಟ್ಟಾಗ ತೋಳೂ ಒಂದೇ, ಕಾಲೂ ಒಂದೇ.

ನಿನ್ನ ಗಂಡ, ನನ್ನ ಮಗರಾಯ, ಗಾಡಿ ತರ್ತೀನಿ ಅಂತ ಹೋಗಿದ್ದಾನೆ. ಬರೋದ್ರೊಳಗೆ ಆ ರಟ್ಟಿನ ಡಬ್ಬ ಇಳಿಸು, ಅಟ್ಟದ ಮೇಲಿದೆ. ಬೇಡ ಬೇಡ, ನೀನು ಹತ್ತಬೇಡ ಈ ಹೊಟ್ಟೆ ಹೊತ್ಕೊಂಡು. ಅವನೇ ಇಳಿಸ್ಲಿ. ಇವತ್ತು ಮೆಷೀನು ಅಂಗಡಿಗೆ ವಾಪಸ್, ಅಷ್ಟೇ. ಒಂದು ಸಲ ಬದಲಾಯಿಸಿ ಕೊಟ್ಟ, ಅದೂ ಹೀಗೇ. ಇದನ್ನೂ ಬದಲಾಯಿಸಲಿ. ಆ ಅಂಗಡಿಯವನು ಫೋನಲ್ಲಿ ಏನಂದ ಗೊತ್ತಾ? ‘ಅಮ್ಮಾ, ಈ ಸಲ ನೀವೇ ಬನ್ನಿ, ನನ್ನೆದುರಿಗೆ ಕೂತು ಹೊಲಿದು ತೋರಿಸಿ, ಆಮೇಲೆ ಮಾತಾಡೋಣ’ ಅಂದ. ಬಾಯಿಬಿಟ್ಟು ಹೇಳಲಿಲ್ಲ, ಆದ್ರೆ ಗಂಟಲಲ್ಲಿತ್ತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ನಂಗೆ! ಅವನು ಚಡ್ಡಿ ಹಾಕ್ಕೊಳ್ಳೋಕೆ ಮುಂಚೆಯಿಂದ ಹೊಲೀತಿದ್ದೀನಿ ನಾನು.

ಅದಕ್ಕೇ ನಿನ್ನ ಕರೆದಿದ್ದು. ಅಲ್ಲಿ ನೀನು ಕೂತು ಹೊಲಿ. ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ. ನಂಗೆ ಕೈ ನೋವು ಅಂತ ಹೇಳಿದ್ರಾಯ್ತು... ನೋವೇ ಇದೆ, ಸುಳ್ಳೇನಿಲ್ಲ. ಏನು, ಸುಮ್ಮನಾಗ್ಬಿಟ್ಟೆ? ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಬೆಳಗ್ಗೆಯಿಂದ ಇಷ್ಟು ಬಂಗಾರ ಕೂಡಿಹಾಕ್ತಿದ್ದೀಯಲ್ಲ, ಏನು, ಅಂಗಡಿ ಇಡ್ತೀಯಾ?

ಈ ಕಡೆ ತಿರುಗಿ ಕೂತ್ಕೋ. ಕಿಟಕಿಗೆ ಬೆನ್ನು ಮಾಡಿ ಕೂತ್ರೆ ಮುಖವೆಲ್ಲ ಕತ್ತಲು.

ಉಸ್ಸಪ್ಪಾ... ಸಾಕಾಗಿದೆ ಕಣೇ. ನಿಜವಾಗ್ಲೂ ಸಾಕಾಗಿದೆ. ಈ ವಯಸ್ಸಲ್ಲಿ ಮೆಷೀನು ಹುಡುಕೋದು ಅಂದ್ರೆ, ಎರಡನೇ ಮದುವೆಗೆ ಗಂಡು ಹುಡುಕಿದ ಹಾಗೆ. ಇದ್ದದ್ದಕ್ಕೆ ಹೊಂದ್ಕೊಂಡಿದ್ರೆ ಚೆನ್ನಾಗಿತ್ತು.

ನೋಡು, ಮೂಲೇಲಿ ಹೊದ್ದು ಕೂತಿದೆಯಲ್ಲ, ಕರೀ ಮೆಷೀನು, ಅದು ನಮ್ಮತ್ತೇದು. ತುಳಿಯೋ ಮೆಷೀನು. ನಾನು ಈ ಮನೆಗೆ ಬಂದಾಗ ಮೂರು ಜನ ಇದ್ರು: ನಿಮ್ಮ ಮಾವ, ನಮ್ಮತ್ತೆ, ಆ ಮೆಷೀನು. ಮೂರರಲ್ಲಿ ನಾನು ಹೇಳಿದ ಮಾತು ಕೇಳ್ತಿದ್ದದ್ದು ಅದೊಂದೇ. ನಿನ್ನ ಗಂಡನ ಶಾಲೆ ಅಂಗಿ, ಈ ಪರದೆ, ದಿಂಬಿನ ಚೀಲ, ಬೀದಿಯವರ ಲಂಗ, ಕುಪ್ಪಸ, ಎಲ್ಲಾ ಅದರದ್ದೇ. ಅದು ಓಡ್ತಿದ್ರೆ ಟಕಟಕಟಕ ಅಂತ ಒಂದೇ ಸಮ... ಆ ಸದ್ದಿಗೇ ನಿನ್ನ ಗಂಡ ನಿದ್ದೆ ಮಾಡ್ತಿದ್ದ, ನಿಲ್ಲಿಸಿದ್ರೆ ಎದ್ದು ಅಳ್ತಿದ್ದ.

ಯಾಕೆ ಬಿಟ್ಟೆ ಅಂತ ನೀನೂ ಕೇಳಿದ್ದೆ. ಮಂಡಿ ನೋವು ಅಂದೆ. ಮಂಡಿನೂ ಇತ್ತು... ಮೈಯೆಲ್ಲ ಕಪ್ಪು ಕಣೇ ಅದು. ಸೂಜಿ ಇಳಿಯೋ ಜಾಗವೂ ಕಪ್ಪೇ. ಅದರ ಮೇಲೆ ನೀಲಿ ಬಟ್ಟೆ ಇಟ್ರೆ ಎಲ್ಲಾ ಒಂದೇ ಕತ್ತಲು. ಆಗಿನೋರು ಒಂದು ದೀಪವನ್ನಾದ್ರೂ ಇಡಬಾರದಿತ್ತಾ ಅದಕ್ಕೆ?

ಆಮೇಲೆ ಬಂತಲ್ಲ ಆ ಕುದುರೆ. ಟೈಲರ್ ಒಬ್ಬ ಅಂಗಡಿ ಮುಚ್ಚುವಾಗ ಕೊಟ್ಟಿದ್ದು, ಮೋಟರ್ ಇರೋದು. ದೀಪ ಇದೆ ಅಂತ ತಗೊಂಡೆ. ಹಗಲಿನ ಹಾಗೆ ಬೆಳಕು! ಆದ್ರೆ ಪೆಡಲ್ ಮುಟ್ಟಿದ್ರೆ ಸಾಕು, ಕಡಿವಾಣ ಕಿತ್ತ ಕುದುರೆ. ಬಟ್ಟೆ ಜೊತೆ ನನ್ನ ಬೆರಳನ್ನೂ ಹೊಲಿದುಬಿಡ್ತು. ಉಗುರಿನ ಮೇಲಿಂದ ಕೆಳಗೆ... ನೀನೇ ಅಲ್ವಾ ಬಟ್ಟೆ ಸುತ್ತಿದ್ದು? ಅವತ್ತೂ ಏನೂ ಅನ್ನಲಿಲ್ಲ ನೀನು. ಎದುರುಮನೆ ಟೀಚರಿಗೆ ಕೊಟ್ಟುಬಿಟ್ಟೆ. ಅವಳು ಈಗ ‘ಚಿನ್ನದಂಥ ಮೆಷೀನು ಕೊಟ್ರಿ ಅಕ್ಕ’ ಅಂತ ದಿನಾ ಹಾಡಿ ಹೊಗಳ್ತಾಳೆ. ನಂಗೆ ಕೇಳಿದ್ರೆ ಮೈ ಉರಿಯುತ್ತೆ.

ಮೂರನೇದು ಈ ಬಿಳಿ ಸುಂದರಿ. ನಾನು ಇದಕ್ಕೆ ಸೊಸೆ ಅಂತ ಹೆಸರಿಟ್ಟಿದ್ದೀನಿ. ಸಿಟ್ಟಾಗಬೇಡ! ಮೂಲೇಲಿ ಅತ್ತೆ, ಮೇಜಿನ ಮೇಲೆ ಸೊಸೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇದು ಪೆಡಲ್ ಒತ್ತಿದ್ರೆ ಒಂದು ಸಲ ಪೀಂ ಅನ್ನುತ್ತೆ, ಬಿಟ್ರೆ ಇನ್ನೊಂದು ಸಲ ಪೀಂ ಅನ್ನುತ್ತೆ, ಕೆಲಸ ಮಾತ್ರ... ಅಯ್ಯೋ, ನೀನಲ್ಲ ಮಾರಾಯ್ತಿ. ನೀನು ಪೀಂ ಕೂಡ ಅನ್ನಲ್ಲ.

ಅಂಗಡೀಲಿ ಸಾಲಾಗಿ ಇಟ್ಟಿದ್ದ, ನೆನಪಿದೆಯಾ? ಗಂಡ ಹೆಂಡತಿ ಇಬ್ರೂ ಹೂವಿನ ಹೊಲಿಗೆ ಬರುತ್ತಾ, ಕಾಜಾ ಬರುತ್ತಾ ಅಂತ ಅವನ ತಲೆ ತಿಂತಿದ್ರಿ. ನಾನು ಕೇಳಿದ್ದು ಎರಡೇ. ದೀಪ ಎಷ್ಟು ಜೋರು? ದಾರ ತಾನೇ ಪೋಣಿಸ್ಕೊಳ್ಳುತ್ತಾ? ಒಂದು ಸಣ್ಣ ಕೊಕ್ಕೆ ಇದೆ, ಕೆಳಗೆ ಒತ್ತಿದ್ರೆ ಸೂಜಿ ಕಣ್ಣಿಗೆ ದಾರ ತಾನೇ ಹೋಗುತ್ತೆ ಅಂದ. ಅಂಗಡೀಲಿ ಹೋಯ್ತು. ಮನೇಲಿ ಒಂದು ದಿನ ಹೋದ್ರೆ ಒಂದು ದಿನ ಇಲ್ಲ. ಅಂಗಡೀಲಿ ಇದ್ದಾಗ ಬೆಣ್ಣೆ, ಮನೆಗೆ ಬಂದ್ಮೇಲೆ ಸುಣ್ಣ.

ನೋಡು, ಸುಮ್ಮನಿದ್ರೂ ನೀನು ಏನು ಯೋಚಿಸ್ತಿದ್ದೀಯಾ ಅಂತ ನಂಗೆ ಗೊತ್ತಾಗುತ್ತೆ. ಬೆಳಗ್ಗೆ ಕೈಸೂಜಿಗಳಿಗೆಲ್ಲ ದಾರ ಪೋಣಿಸಿ ಬಟ್ಟೆ ದಿಂಡಿಗೆ ಚುಚ್ಚಿಡು ಅಂತ ನಿನಗ್ಯಾಕೆ ಹೇಳ್ತೀನಿ ಅಂತ ತಾನೇ? ನಿನಗೆ ಅಭ್ಯಾಸ ಆಗಲಿ ಅಂತ ಕಣೇ! ನಾಳೆ ಮಗು ಹುಟ್ಟಿದ್ಮೇಲೆ ಗುಂಡಿ ಹಚ್ಚೋಕಾದ್ರೂ ಬರಬೇಕಲ್ಲ ನಿನಗೆ? ಅದಕ್ಕೇ. ಇನ್ನೇನೂ ಇಲ್ಲ ಅದರಲ್ಲಿ.

ಏನದು, ಮೂಗು ಸೊರ್ ಅಂತಿದೆ? ನೆಗಡಿನಾ? ಹೊಸ ಬಟ್ಟೆ ಗಂಜಿ ಧೂಳು ಅದು, ನಂಗೂ ಆಗ್ತಿತ್ತು. ಕಷಾಯ ಮಾಡ್ಕೊಡ್ತೀನಿ, ಅಂಗಡಿಯಿಂದ ಬಂದ್ಮೇಲೆ.

ಎಲ್ಲಿಗೆ ಎದ್ದೆ? ಓ... ಮೆಷೀನಿನ ಮುಂದೆ ಕೂತ್ಯಾ. ಮುಟ್ಟಬೇಡ ಅದನ್ನ, ಇರೋ ಹಾಗೇ ತಗೊಂಡು ಹೋಗಿ ತೋರಿಸಬೇಕು. ಹೇ! ಏನು ಬಿಚ್ತಿದ್ದೀಯಾ? ಸೂಜಿಯ ತಿರುಪು ತಾನೇ? ಕಿರ್ರ್ ಅಂತಲ್ಲ, ಆ ಸದ್ದು ಗೊತ್ತು ನಂಗೆ. ಸೂಜಿ ಯಾಕೆ ತೆಗೀತೀಯಾ? ನಾನೇ ಹಾಕಿದ್ದು ಅದು, ಹೊಸ ಸೂಜಿ! ನಿನಗೆ ಸೂಜಿ ಹಾಕೋಕೆ ಕಲಿಸಿದ್ದು ಯಾರು? ಬಂದ ಹೊಸದರಲ್ಲಿ ಗುಂಡು ಯಾವುದು ಚಪ್ಪಟೆ ಯಾವುದು ಗೊತ್ತಿರಲಿಲ್ಲ ನಿನಗೆ. ಸೂಜಿಯ ತಲೆ ಒಂದು ಕಡೆ ಗುಂಡು, ಒಂದು ಕಡೆ ಚಪ್ಪಟೆ. ಚಪ್ಪಟೆ ಕಡೆ ಯಾವಾಗ್ಲೂ ಪಕ್ಕಕ್ಕೆ ಬರಬೇಕು, ತಪ್ಪಿದ್ರೆ ಹೊಲಿಗೆ ಬಿಡುತ್ತೆ ಅಂತ ಗೆಣ್ಣಿಗೆ ತಟ್ಟಿ ತಟ್ಟಿ ಹೇಳಿಕೊಟ್ಟೆ. ಪಕ್ಕಕ್ಕೆ...

ಪಕ್ಕಕ್ಕೆ ಬರೋದು ಆ ಕರೀದಕ್ಕೆ.

ಇದಕ್ಕೆ... ಇದಕ್ಕೆ ಹಿಂದಕ್ಕಾ?

ಏನು, ನನ್ನ ಬೆರಳು ಹಿಡ್ಕೊಂಡು ಎಲ್ಲಿ ಮುಟ್ಟಿಸ್ತಿದ್ದೀಯಾ? ನುಣ್ಣಗಿದೆ, ಅಷ್ಟೇ. ಏನಿದೆ ಇಲ್ಲಿ? ಓ, ಚಿತ್ರನಾ? ಸೂಜಿ ಹೇಗೆ ಹಾಕಬೇಕು ಅಂತ ಚಿತ್ರ ಬರೆದಿದ್ದಾನಾ, ಮೆಷೀನಿನ ಮೈ ಮೇಲೇ? ಸಣ್ಣದಾಗಿ ಬರೆದ್ರೆ ಯಾರಿಗೆ... ಸರಿ, ಸರಿ! ಹಿಂದಕ್ಕೆ. ಆಯ್ತು. ಕೈ ಮರೀತು. ಇಷ್ಟು ವರ್ಷ ಪಕ್ಕಕ್ಕೆ ಹಾಕಿದ ಕೈ, ಕಣ್ಣು ಮುಚ್ಕೊಂಡು ಪಕ್ಕಕ್ಕೇ ಹಾಕಿದೆ. ಅಭ್ಯಾಸ ಕಣೇ. ಕೈಗೇನು ಕಣ್ಣಿದೆಯಾ?

ಹೊಲಿ ಮತ್ತೆ. ಹೊಲಿದು ನೋಡು.

...

ಆಹಾ. ಕೇಳಿಸ್ತಾ? ಒಂದೇ ಸಮ. ಎಲ್ಲೂ ತೊದಲ್ತಿಲ್ಲ. ಕೊಡು ಇಲ್ಲಿ ಆ ಬಟ್ಟೆ. ಹೂಂ... ಒಂದೂ ಬಿಟ್ಟಿಲ್ಲ. ಗೆರೆ ಎಳೆದ ಹಾಗಿದೆ. ಏನು ಹಾಗೆ ನೋಡ್ತೀಯಾ? ಹೊಲಿಗೆನ ಬೆರಳಲ್ಲೇ ನೋಡೋದು ನಾನು. ಕಣ್ಣಿಗೆ ಮೋಸ ಮಾಡಬಹುದು, ಬೆರಳಿಗಲ್ಲ.

ಹಾಗಾದ್ರೆ ಅಂಗಡಿಯಿಂದ ಮೊದಲು ತಂದದ್ದೂ... ಬದಲಾಯಿಸಿ ಕೊಟ್ಟದ್ದೂ... ಅಂಗಡಿಯವನಿಗೆ ಎಷ್ಟು ಬೈದುಬಿಟ್ಟೆ! ಪಾಪ.

ಈ ವಿಷ್ಯ ನಮ್ಮಿಬ್ರಲ್ಲೇ ಇರಲಿ. ನಿನ್ನ ಗಂಡನಿಗೆ ಹೇಳಬೇಡ. ಯಾಕೆ ಅಂದ್ರೆ... ಸುಮ್ಮನೆ. ಅವನು ಒಳ್ಳೆಯವನೇ. ಒಳ್ಳೆಯವರದ್ದೇ ಭಯ ನಂಗೆ. ನಮ್ಮಮ್ಮ ಇದ್ಲಲ್ಲ, ಅವಳಿಗೂ ಹೀಗೇ ಒಂದಿನ ಅಕ್ಕಿ ಆರಿಸುವಾಗ ಕಲ್ಲು ಉಳೀತು. ಅಷ್ಟೇ ಆದದ್ದು. ನಮ್ಮಣ್ಣ, ಅತ್ತಿಗೆ ಏನೂ ಅನ್ನಲಿಲ್ಲ, ಬೈಯಲಿಲ್ಲ. ‘ನೀನು ಕೂತ್ಕೋಮ್ಮ’ ಅಂತ ಮೊರ ಇಸ್ಕೊಂಡ್ರು. ಆಮೇಲೆ ಪೊರಕೆ ಇಸ್ಕೊಂಡ್ರು. ಆಮೇಲೆ ಬೀಗದ ಕೈ. ‘ನೀನು ಕೂತ್ಕೋಮ್ಮ, ನೀನು ಕೂತ್ಕೋಮ್ಮ.’ ತಟ್ಟೆ ಕೈಗೇ ಬರ್ತಿತ್ತು, ಚೆನ್ನಾಗೇ ನೋಡ್ಕೊಂಡ್ರು. ಆ ಕುರ್ಚಿಯಿಂದ ಅವಳು ಮತ್ತೆ ಏಳಲೇ ಇಲ್ಲ. ಕಣ್ಣಿನ ಡಾಕ್ಟರ ಹತ್ರ ಹೋಗೋಣ ಅಂತ ಅವಳೂ ಅನ್ನಲಿಲ್ಲ, ಯಾರೂ ಅನ್ನಲಿಲ್ಲ... ಆ ಕುರ್ಚಿ ಕಂಡ್ರೆ ಹೆದರಿಕೆ ಕಣೇ ನಂಗೆ. ಸಾವು ಕಂಡ್ರೂ ಅಷ್ಟಿಲ್ಲ.

ಅಯ್ಯೋ, ಎಲ್ಲಿಂದ ಎಲ್ಲಿಗೆ ಹೋಯ್ತು ಮಾತು! ಮೆಷೀನಿನ ವಿಷ್ಯ ಮಾತಾಡ್ತಿದ್ವಿ. ನಮ್ಮಮ್ಮನ ಕಥೆ ಬೇರೆ, ನಂದು ಬೇರೆ. ನಂಗೇನಾಗಿದೆ? ಸೂಜಿ ಅಷ್ಟೇ, ಅಭ್ಯಾಸ ಬಲ. ಇವತ್ತು ಕೂತು ಆ ಪುಟ್ಟ ಅಂಗಿ ಇನ್ನೊಂದು ಹೊಲಿದುಬಿಡ್ತೀನಿ ನೋಡ್ತಿರು.

ಹಾರ್ನ್ ಆಯ್ತು. ಬಂದ ನಿನ್ನ ಗಂಡ. ಹೋಗು, ಹೇಳು ಅವನಿಗೆ... ಏನು ಹೇಳೋದು? ಮೆಷೀನು ತಾನೇ ರಿಪೇರಿ ಆಯ್ತು ಅನ್ನೋಣ್ವಾ? ಏನಾದ್ರೂ ಹೇಳೇ. ಬೈಯಾದ್ರೂ ಬೈ. ಯಾಕೆ ಏಳ್ತಿಲ್ಲ?

ಇನ್ನೂ ಭುಜ ಅಲ್ಲಾಡ್ತಾನೇ ಇದೆ... ಅತ್ತೆ ಮಾಡಿದ ಎಡವಟ್ಟು ಅಷ್ಟು ನಗು ತರಿಸ್ತಾ? ಬಾ ಇಲ್ಲಿ. ಹತ್ರ ಬಾ. ಎಷ್ಟು ನಗ್ತೀಯಾ ನೋಡೇಬಿಡ್ತೀನಿ, ಕೆನ್ನೆ ಹಿಂಡಿ...

ಇದೇನಿದು.

ಒದ್ದೆ. ಕೆನ್ನೆಯೆಲ್ಲ ಒದ್ದೆ... ಗದ್ದದವರೆಗೂ ಹರಿದಿದೆ.

ನೀನು ನಗ್ತಿರಲಿಲ್ಲ.

ಆಗಿನಿಂದಾನಾ? ಆ ಪುಟ್ಟ ಅಂಗಿ ಕೈಗೆ ತಗೊಂಡಾಗಿನಿಂದಾನಾ? ನಾನು ನಗಬೇಡ, ನಗಬೇಡ ಅಂತ... ನೆಗಡಿ ಅಂತ... ನೀನಾದ್ರೂ ಒಂದು ಮಾತು ಅನ್ನಬಾರದಿತ್ತಾ, ನಗ್ತಿಲ್ಲ ಅತ್ತೆ, ಅಳ್ತಿದ್ದೀನಿ ಅಂತ?

ಇಲ್ಲ. ಏನೂ ಅನ್ನಬೇಡ ಈಗ. ಹೀಗೇ ಇರು ಸ್ವಲ್ಪ ಹೊತ್ತು.

ಕಾಣಲಿಲ್ಲ ಕಣೇ. ಇಷ್ಟು ಹತ್ರ ಕೂತಿದ್ದೀಯಾ, ಮುಖ ಕಾಣಲಿಲ್ಲ.

ಮತ್ತೆ ಹಾರ್ನ್ ಹೊಡೀತಿದ್ದಾನೆ. ಹೋಗು... ಡಬ್ಬ ಇಳಿಸೋದು ಬೇಡ ಅನ್ನು. ಗಾಡಿ ಮಾತ್ರ ಇರಲಿ, ನಾನು ಚಪ್ಪಲಿ ಹಾಕ್ಕೊಂಡು ಬರ್ತೀನಿ. ಎಲ್ಲಿಗೆ ಅಂತ ನೀನೇ ಹೇಳು ಅವನಿಗೆ, ನನ್ನ ಬಾಯಲ್ಲಿ ಬರಲ್ಲ. ಮೆಷೀನು ಸರಿಯಾಗೇ ಇದೆ ಅಂತ ಮಾತ್ರ ಹೇಳು.